ಕುರ್ದ್ ಮಗುವಿಗೆ ಕಣ್ಣೀರು, ಬ್ಯಾರಿ ಮಗುವಿಗೆ ಕನ್ನಡ ಪಾಠ

ಲಾಸ್ ಏಂಜಲೀಸಿನ ಉತ್ತರಕ್ಕಿರುವ ಸ್ಯಾಂಟಾ ಕ್ಲಾರಿಟಾ ಕಣಿವೆ ಸುಮಾರು ಒಂದು ಶತಮಾನದಿಂದ ಪರರ ಕಥೆಗಳಿಗೆ ತನ್ನ ನೆಲವನ್ನು ಬಾಡಿಗೆಗೆ ಕೊಡುತ್ತ ಬಂದಿದೆ. ನ್ಯೂಹಾಲಿನ ಮೆಲೊಡಿ ರಾಂಚ್‌ನಲ್ಲಿ ಕೌಬಾಯ್ ಪಟ್ಟಣಗಳು ಎದ್ದಿವೆ, ಬಿದ್ದಿವೆ. ಸಮೀಪದ ವಾಸ್ಕೆಜ್ ಬಂಡೆಗಳು ಒಂದು ಚಿತ್ರದಲ್ಲಿ ಮರುಭೂಮಿ, ಇನ್ನೊಂದರಲ್ಲಿ ಅನ್ಯಗ್ರಹ. ಆ ನೆಲದ ಮೂಲನಿವಾಸಿಗಳಾದ ತತಾವಿಯಮ್ ಜನರ ನುಡಿಯಲ್ಲಿ ದಾಖಲಾಗಿ ಉಳಿದಿರುವುದು ಕೆಲವೇ ಪದಗಳು. ಇದೇ ಕಣಿವೆಯ ಅಚ್ಚುಕಟ್ಟಾದ ಬಡಾವಣೆಗಳಲ್ಲಿ ಕುಳಿತು ಪ್ರಗತಿಪರ ಕನ್ನಡಿಗರು ಕುರ್ದ್ ಚಿತ್ರಗಳನ್ನು ನೋಡಿ ಮರುಗುತ್ತಾರೆ. ಆ ಮರುಕ ಅಪ್ರಾಮಾಣಿಕವಲ್ಲ, ಅಗ್ಗದ್ದು, ಅಷ್ಟೆ.

ಮರುಗಲು ಕಾರಣಗಳೇನೋ ಬೇಕಾದಷ್ಟಿವೆ. ಯಿಲ್ಮಾಜ್ ಗುನೆಯ್ ಜೈಲಿನಿಂದಲೇ ರೂಪಿಸಿ, ಝೆಕಿ ಓಕ್ತೆನ್ ನಿರ್ದೇಶಿಸಿದ ‘ಸೂರೂ’ (1978) ಕುರ್ದ್ ಕುರಿಗಾಹಿಗಳ ಕಥೆ. ಆದರೆ ಪಾತ್ರಗಳು ಆಡುವುದು ತುರ್ಕಿ ಭಾಷೆ. ಕುರ್ದಿಶ್ ಬಳಸಿದ್ದರೆ ಚಿತ್ರದಲ್ಲಿ ದುಡಿದವರೆಲ್ಲ ಜೈಲು ಸೇರುತ್ತಿದ್ದರೆಂದು ಗುನೆಯ್ ಮುಂದೆ ಹೇಳಿಕೊಂಡರು. ಕಥೆಯ ನಾಯಕಿ ಬೆರಿವಾನ್ ಮಾತನ್ನೇ ಆಡುವುದಿಲ್ಲ. ಆ ಮೌನಕ್ಕೆ ವ್ಯಾಖ್ಯಾನದ ಅಗತ್ಯವೇ ಇಲ್ಲ. 1982ರಲ್ಲಿ ಕಾನ್ ಉತ್ಸವದ ಪರಮೋಚ್ಚ ಪ್ರಶಸ್ತಿಯನ್ನು ಹಂಚಿಕೊಂಡ ‘ಯೋಲ್’ ಸ್ವದೇಶದ ತೆರೆ ಕಂಡದ್ದು 1999ರಲ್ಲಿ. (ಗುನೆಯ್ ಆಗ ಸೆರೆಯಲ್ಲಿದ್ದುದು ಒಬ್ಬ ನ್ಯಾಯಾಧೀಶರ ಕೊಲೆಯ ಅಪರಾಧಕ್ಕಾಗಿ ಎಂಬುದನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ನುಂಗಿಕೊಳ್ಳುತ್ತಾರೆ.)

ಆದರೆ ಕನ್ನಡಿಗರು ಮತ್ತೆ ಮತ್ತೆ ನೋಡಬೇಕಾದ ಚಿತ್ರ ಇನ್ನೊಂದಿದೆ. ಒರ್ಹಾನ್ ಎಸ್ಕಿಕೊಯ್ ಮತ್ತು ಓಜ್ಗುರ್ ದೋವಾನ್ ಅವರ ಸಾಕ್ಷ್ಯಚಿತ್ರ ‘ಇಕಿ ದಿಲ್ ಬಿರ್ ಬಾವುಲ್’. ಎರಡು ನುಡಿ, ಒಂದು ಪೆಟ್ಟಿಗೆ ಎಂದರ್ಥ. ಪಶ್ಚಿಮ ತುರ್ಕಿಯ ತರುಣ ಮೇಷ್ಟ್ರೊಬ್ಬ ಕುರ್ದ್ ಹಳ್ಳಿಯ ಶಾಲೆಗೆ ಬರುತ್ತಾನೆ. ಮಕ್ಕಳಿಗೆ ಅವನ ಭಾಷೆ ಬಾರದು, ಅವನಿಗೆ ಮಕ್ಕಳ ಭಾಷೆ ಬಾರದು. ಅವನು ಕೆಟ್ಟವನಲ್ಲ. ದಣಿದಿದ್ದಾನೆ, ಒಂಟಿಯಾಗಿದ್ದಾನೆ, ಮಕ್ಕಳಿಗೆ ಒಳ್ಳೆಯದನ್ನೇ ಬಯಸುತ್ತಾನೆ. ಆ ಒಳ್ಳೆಯತನದ ಮೂಲಕವೇ ಮಕ್ಕಳ ನುಡಿ ತರಗತಿಯ ಹೊರಗೆ ನಿಲ್ಲುತ್ತದೆ.

ಹತ್ತು ವರ್ಷಗಳ ನಂತರ, 2018ರಲ್ಲಿ, ರಿಷಬ್ ಶೆಟ್ಟಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರದಲ್ಲಿ ಹೆಚ್ಚುಕಡಿಮೆ ಇದೇ ಸಂಕಟವನ್ನು ನಗೆಯ ದಾಟಿಯಲ್ಲಿ ಹೇಳಿದರು. ಕನ್ನಡ ಶಾಲೆ, ಕನ್ನಡ ಬಾರದ ಮಲಯಾಳಿ ಮೇಷ್ಟ್ರು. ಕನ್ನಡಿಗರು ಆ ಮಕ್ಕಳಲ್ಲಿ ತಮ್ಮನ್ನು ಕಂಡರು. ಕಂಡದ್ದು ಸರಿಯೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರ ಭಾಗವನ್ನು ಕನ್ನಡನಾಡಿಗೆ ಕೊಡಬೇಕೆಂದರೂ ಏನೂ ಬದಲಾಗಲಿಲ್ಲ. ಆ ಗಾಯ ನಿಜವಾದದ್ದು.

ಪ್ರಶ್ನೆ ಇರುವುದು ಘಟ್ಟದ ಈಚೆ. ಕೊಡಗಿನ ಮಗುವಿನ ಮುಂದೆ, ಲಂಬಾಣಿ ತಾಂಡಾದ ಮಗುವಿನ ಮುಂದೆ, ಬ್ಯಾರಿ ಮತ್ತು ದಖನಿ ಆಡುವ ಮನೆಯ ಮಗುವಿನ ಮುಂದೆ ನಿಂತಿರುವ ಮೇಷ್ಟ್ರು ಯಾರು? ಅವರು ಕನ್ನಡದ ಮೇಷ್ಟ್ರು. ಕಾಸರಗೋಡಿನಲ್ಲಿ ಅನ್ಯಾಯವೆನಿಸಿದ್ದು ಇಲ್ಲಿ ನಾಡಸೇವೆ ಎನಿಸುತ್ತದೆ. ಕನ್ನಡ ತೆರೆಯ ಮೇಲೆ ಮುಸಲ್ಮಾನ ಪಾತ್ರ ಕನ್ನಡವನ್ನು ತಪ್ಪಾಗಿ ಆಡಿದರೆ ನಗು ಗ್ಯಾರಂಟಿ. ಆ ನಗೆಯಲ್ಲಿ ಪ್ರಗತಿಪರರ ಪಾಲೂ ಇದೆ.

ಕರ್ನಾಟಕ ತುರ್ಕಿಯಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದು ಸತ್ಯ ಕೂಡ. ತುಳು ಮಾತಾಡಿದ್ದಕ್ಕೆ ಇಲ್ಲಿ ಯಾರೂ ಜೈಲಿಗೆ ಹೋಗಿಲ್ಲ. 1983ರಲ್ಲಿ ಕುರ್ದಿಶ್ ಪ್ರಕಟಣೆಯನ್ನು ನಿಷೇಧಿಸಿ 1991ರವರೆಗೆ ಜಾರಿಯಲ್ಲಿದ್ದಂಥ ಕಾನೂನು ಇಲ್ಲಿಲ್ಲ. ಬದಲಿಗೆ ಅಕಾಡೆಮಿಗಳಿವೆ, ವಾರ್ಷಿಕ ಅನುದಾನವಿದೆ. ಆದರೆ ಕಥೆ ಹೇಳುವ ಅಧಿಕಾರವನ್ನು ಪೊಲೀಸರೇ ಕಸಿಯಬೇಕೆಂದಿಲ್ಲ. ಮಾರುಕಟ್ಟೆಯೂ ಕಸಿಯಬಲ್ಲದು, ಪ್ರೀತಿಯೂ ಕಸಿಯಬಲ್ಲದು. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನರ ತಾಯ್ನುಡಿಯಾದ ತುಳುವಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನವಿಲ್ಲ. 2022ರ ‘ಕಾಂತಾರ’ ಭೂತಕೋಲವನ್ನು ಜಗತ್ತಿಗೆ ತೋರಿಸಿತು, ಆದರೆ ಕನ್ನಡದಲ್ಲಿ. ದೈವಗಳ ಪಾಡ್ದನಗಳು ಬಾಳಿಬಂದ ತುಳುವಿಗೆ ಅದು ಬಂದದ್ದು ಡಬ್ ಆಗಿ, ಆಮೇಲೆ.

ಬ್ಯಾರಿಯ ಪ್ರಸಂಗ ಇನ್ನೂ ತೊಡಕಿನದು. ಸುವೀರನ್ ನಿರ್ದೇಶನದ ‘ಬ್ಯಾರಿ’ 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಅದರ ಕಥೆ ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯದು, ತಮ್ಮ ಅನುಮತಿ ಪಡೆದಿಲ್ಲ ಎಂದು ಸಾರಾ ಅಬೂಬಕ್ಕರ್ ನ್ಯಾಯಾಲಯದ ಮೊರೆ ಹೋದರು. ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ಬರೆದು, ಸ್ವಸಮುದಾಯದ ಸಂಪ್ರದಾಯವಾದಿಗಳ ಸಿಟ್ಟನ್ನೂ ಎದುರಿಸಿದ ಲೇಖಕಿ ಅವರು. ಸಣ್ಣ ನುಡಿಯೊಂದರ ಚಿತ್ರ ಗೆದ್ದಾಗಲೂ ಒಬ್ಬ ಹೆಣ್ಣು ತನ್ನ ಕಥೆಗಾಗಿ ಕಟಕಟೆ ಹತ್ತಬೇಕಾಯಿತು. ಸಣ್ಣ ನುಡಿ ಎಂದಮಾತ್ರಕ್ಕೆ ಅದು ಮುಗ್ಧವಾಗಿರುವುದಿಲ್ಲ. ಕುರ್ದ್ ಚಿತ್ರಗಳನ್ನು ಮೆಚ್ಚುವವರಿಗೆ ಇದು ಹೊಸ ಸಂಗತಿಯಲ್ಲ: ‘ಯೋಲ್’ನಲ್ಲಿ ಹೆಣ್ಣನ್ನು ಹಿಮದಲ್ಲಿ ಸಾಯಲು ಬಿಡುವ ಕಟ್ಟಳೆ ಸೈನ್ಯದ್ದಲ್ಲ, ಮನೆಯದು.

ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರು ಬರುವ ರಾಜ್ಯೋತ್ಸವಕ್ಕೆ ಯಾವ ಚಿತ್ರ ಹಾಕಬೇಕೆಂದು ಮತ್ತೆ ಚರ್ಚಿಸಲಿದ್ದಾರೆ. ‘ಕಾಂತಾರ’ವೇ ಆಗಬೇಕೆಂದರೆ ಅದರ ತುಳು ಆವೃತ್ತಿಯನ್ನು ಹಾಕಲಿ, ಕೆಳಗೆ ಕನ್ನಡ ಅಡಿಬರಹವಿರಲಿ. ‘ಬ್ಯಾರಿ’ಯನ್ನು ಹಾಕುವುದಾದರೆ ಬಾಗಿಲ ಬಳಿಯ ಮೇಜಿನ ಮೇಲೆ ಸಾರಾ ಅವರ ಕಾದಂಬರಿ ಇರಲಿ.