ಗರ್ಭಕೋಶದ ಕೊರಳಿನ ಅರ್ಬುದ

ಹುಮನಾಬಾದಿನಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟವರು, ಬಸವಕಲ್ಯಾಣಕ್ಕೆ ತಿರುಗುವ ದಾರಿಯನ್ನು ಬಿಟ್ಟು ಮುಂದೆ ನಡೆದರೆ, ಸ್ವಲ್ಪ ಹೊತ್ತಿನಲ್ಲಿಯೇ ಗಡಿಯನ್ನು ದಾಟಿ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯನ್ನು ಸೇರುತ್ತಾರೆ. ಅದರ ಹಿಂದಿನ ಹೆಸರು ಉಸ್ಮಾನಾಬಾದು. 1956ರ ವರೆಗೆ ಆ ಸೀಮೆಯೂ ಈ ಸೀಮೆಯೂ ಒಂದೇ ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ಅಲ್ಲಿಯ ಹಳ್ಳಿಗಳಲ್ಲಿ ನಡೆದ ಒಂದು ಕಾರ್ಯದ ಫಲವನ್ನು ನಮ್ಮ ಗೃಹಿಣಿಯರು ಅವಶ್ಯವಾಗಿ ಅರಿತಿರಬೇಕು. ವಿಷಯವು ಸಂಕೋಚದ್ದು, ಸೋದರಿಯರು ಪುಟವನ್ನು ಮಗುಚದೆ ಕೊನೆಯ ವರೆಗೆ ಓದಬೇಕೆಂದು ಪ್ರಾರ್ಥನೆ.

ಗರ್ಭಕೋಶವು ಕೆಳಗಡೆ ಕಿರಿದಾಗಿ ಮುಗಿಯುವ ಭಾಗಕ್ಕೆ ಕೊರಳೆಂದು ಹೆಸರು. ಅಲ್ಲಿ ಹುಟ್ಟುವ ಅರ್ಬುದಕ್ಕೆ, ಅಂದರೆ ಕ್ಯಾನ್ಸರಿಗೆ, 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಹತ್ತಿರಹತ್ತಿರ 80,000 ಮಂದಿ ಸ್ತ್ರೀಯರು ಬಲಿಯಾದರು. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಎಂಬ ವಿದ್ವಾಂಸರು 1983 ಮತ್ತು 1984ರಲ್ಲಿ ಈ ಗಡ್ಡೆಗಳೊಳಗೆ ಪ್ಯಾಪಿಲೋಮಾ ವೈರಸ್ಸಿನ ಎರಡು ಬಗೆಗಳನ್ನು ಕಂಡುಹಿಡಿದರು. 2008ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಆ ಬಗೆಗಳಿಗೆ 16, 18 ಎಂದು ಬರಿಯ ಅಂಕೆಗಳೇ ಹೆಸರು. ದಾಂಪತ್ಯದಿಂದ ತಗಲುವ ಈ ವೈರಸ್ಸು ಬಹುಮಂದಿ ಸ್ತ್ರೀಯರಿಗೆ ಒಂದಿಲ್ಲೊಂದು ಕಾಲದಲ್ಲಿ ಸೋಂಕಿ, ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ತೊಲಗುತ್ತದೆ. ಆದಕಾರಣ ಇದರಲ್ಲಿ ಯಾರ ಶೀಲವನ್ನೂ ಶಂಕಿಸಲು ಎಡೆಯಿಲ್ಲ.

ಕೆಲವರಲ್ಲಿ ಮಾತ್ರ ಅದು ನೆಲೆಯೂರಿ ನಿಲ್ಲುತ್ತದೆ. ಜೀವಕೋಶವು ಅಂಕೆಮೀರಿ ಬೆಳೆಯದಂತೆ ಕಾಯುವ ಕೆಲವು ಪ್ರೋಟೀನುಗಳು ಅದರೊಳಗೇ ಇರುತ್ತವೆ. ವೈರಸ್ಸಿನ ಈ-6 ಎಂಬ ಪ್ರೋಟೀನು ಇಂಥ ಕಾವಲಿನವುಗಳಲ್ಲಿ ಪಿ-53 ಎಂಬುದನ್ನು ನಾಶಮಾಡಿಸುತ್ತದೆ. ಈ-7 ಎಂಬುದು ಇನ್ನೊಂದರ ಕೈಕಟ್ಟುತ್ತದೆ. ಆದರೂ ಪೂರ್ಣ ಅರ್ಬುದವಾಗುವುದಕ್ಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳು ಹಿಡಿಯುತ್ತವೆ. ಕಾವಲು ತಪ್ಪಿದ ಮೇಲೆಯೂ ಇನ್ನೇನು ಆಗಬೇಕಾಗಿರುತ್ತದೆ? ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅನ್ನಪೂರ್ಣಿ ರಂಗರಾಜನ್, ಸುಧೀರ್ ಕೃಷ್ಣ ಮತ್ತು ಅವರ ಸಂಗಡಿಗರು ಇದನ್ನೇ ಶೋಧಿಸಿದರು. ಆರೋಗ್ಯವುಳ್ಳ ಕೋಶವು ತನ್ನ ಆಸರೆಯಿಂದ ಬೇರ್ಪಟ್ಟರೆ, ಕಿತ್ತ ಬಳ್ಳಿಯಂತೆ, ಸಾಯತಕ್ಕದ್ದು. ನಾಚ್ ಎಂಬ ಪ್ರೋಟೀನು ಚುರುಕಾಗಿ ವೈರಸ್ಸಿನ ಪ್ರೋಟೀನುಗಳೊಡನೆ ಕೂಡಿದರೆ, ಅದು ಆಸರೆ ತಪ್ಪಿಯೂ ಸಾಯದೆ ಉಳಿಯುವುದೆಂದು ಅವರು 2001ರಲ್ಲಿ ಪ್ರಕಟಿಸಿದರು. ಅನ್ನಪೂರ್ಣಿಯವರು ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ರೋಗವು ಇಷ್ಟು ನಿಧಾನವಾಗಿ ಬರುವುದರಿಂದಲೇ ಅದನ್ನು ಹಾದಿಯಲ್ಲಿ ತಡೆಯಬಹುದು. ಉಸ್ಮಾನಾಬಾದಿನ ಕಾರ್ಯವು ಹೊರಟದ್ದು ಈ ನಂಬಿಕೆಯಿಂದ. ಮುಂಬಯಿಯ ಟಾಟಾ ಆಸ್ಪತ್ರೆಯವರೂ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯವರೂ ಫ್ರಾನ್ಸಿನ ಅಂತರರಾಷ್ಟ್ರೀಯ ಸಂಸ್ಥೆಯೊಂದರೊಡನೆ ಸೇರಿ, 1999ರಿಂದ ಅಲ್ಲಿಯ ಹಳ್ಳಿಗಳ 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವೈರಸ್ಸಿನ ಅಣುವನ್ನೇ ಹುಡುಕುವ ಪರೀಕ್ಷೆ, ಜೀವಮಾನದಲ್ಲಿ ಒಂದೇ ಸಲ. ನಾಲ್ಕನೆಯದಕ್ಕೆ ಪರೀಕ್ಷೆಯಿಲ್ಲ, ವಾಡಿಕೆಯ ಆರೈಕೆ ಮಾತ್ರ. 2009ರಲ್ಲಿ ಹೊರಬಂದ ಲೆಕ್ಕದಲ್ಲಿ, ಮೊದಲನೆಯ ಗುಂಪಿನ 34 ಮಂದಿ ಈ ರೋಗದಿಂದ ತೀರಿಕೊಂಡಿದ್ದರು. ಪರೀಕ್ಷೆಯಿಲ್ಲದ ಗುಂಪಿನಲ್ಲಿ 64 ಮಂದಿ. ಬಲಿತ ರೋಗವು ಅಲ್ಲಿ 39 ಮಂದಿಗೆ, ಇಲ್ಲಿ 82 ಮಂದಿಗೆ. ಪರೀಕ್ಷೆಯಿಲ್ಲದೆ ಒಂದು ಗುಂಪನ್ನು ಬಿಟ್ಟದ್ದು ನ್ಯಾಯವೇ ಎಂದು ಆಮೇಲೆ ಆಕ್ಷೇಪಿಸಿದವರುಂಟು. ಆ 64ರ ಅಂಕೆಯನ್ನು ಓದುವಾಗ ನಮಗೂ ಮನಸ್ಸು ಕಲಕಿತೆಂದು ಒಪ್ಪಿಕೊಳ್ಳುತ್ತೇವೆ.

ವೈರಸ್ಸಿನ ಪರೀಕ್ಷೆಗೆ ಪ್ರಯೋಗಶಾಲೆ ಬೇಕು, ಹಣವೂ ಬೇಕು. ಅದಿಲ್ಲದೆಡೆ ಇನ್ನೊಂದು ಸುಲಭೋಪಾಯವುಂಟು: ನೀರು ಬೆರಸಿದ ಸಿರ್ಕಾದಂಥ ಹುಳಿದ್ರವವನ್ನು ಕೊರಳಿಗೆ ಹಚ್ಚಿ, ಒಂದು ನಿಮಿಷ ಕಾದು, ಬೆಳ್ಳಗಾದ ತಾಣವಿದೆಯೇ ಎಂದು ನೋಡುವುದು. ಉಸ್ಮಾನಾಬಾದಿನಲ್ಲಿ ಇದರಿಂದ ನಿಶ್ಚಿತವಾದ ಫಲವು ಕಾಣಲಿಲ್ಲ. ಆದರೆ ಮುಂಬಯಿಯ ಕೊಳಗೇರಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಮಾಡಿದಾಗ ಮರಣಗಳು ಶೇಕಡ 31ರಷ್ಟು ಇಳಿದುವೆಂದು 2014ರಲ್ಲಿ ಪ್ರಕಟವಾಯಿತು. 30ರಿಂದ 65 ವಯಸ್ಸಿನ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿಯೇ ವಿಧಿಸಿದೆ. ಎಳೆಯ ಬಾಲಿಕೆಯರಿಗೆ ಲಸಿಕೆಯೂ ಉಂಟು.

ಹೀಗಿದ್ದೂ ಹೆಂಗಸರು ಹೋಗುವುದಿಲ್ಲ. ಅನುಭವಮಂಟಪದಲ್ಲಿ ಸ್ತ್ರೀಯರೂ ಸರಿಸಮರಾಗಿ ಕುಳಿತು ಮಾತನಾಡಿದರೆಂದು ನಾವು ಹೆಮ್ಮೆಪಡುವ ಕಲ್ಯಾಣದ ನಾಡಿನಲ್ಲಿಯೂ, ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡ ತಾಯಿಯು ಅದನ್ನು ಮಗಳೊಡನೆ ಕೂಡ ಆಡಲಾರಳು. ದುರ್ಗಂಧದ ಬಿಳುಪು, ಎರಡು ಮುಟ್ಟುಗಳ ನಡುವೆ ಅಥವಾ ದಂಪತಿಸಂಗದ ಬಳಿಕ ರಕ್ತ, ಇವುಗಳಲ್ಲಿ ಯಾವುದಾದರೂ ಕಂಡವರು ಐದು ವರ್ಷದ ಸರದಿಯನ್ನು ಕಾಯದೆ ಕೂಡಲೆ ವೈದ್ಯರಲ್ಲಿ ಹೋಗತಕ್ಕದ್ದು. ಏನೂ ಕಾಣದವರು ಮುಟ್ಟಿನ ದಿನಗಳನ್ನು ಬಿಟ್ಟು ಬೇರೊಂದು ದಿನವನ್ನು ಗೊತ್ತುಮಾಡಿಕೊಳ್ಳಲಿ. ಪರೀಕ್ಷೆಗೆ ಹಿಡಿಯುವುದು ಕೆಲವು ನಿಮಿಷಗಳು ಮಾತ್ರ. ಅತ್ತೆ ಸೊಸೆಯರು ಜೊತೆಯಾಗಿ ಹೋದರೆ ಒಬ್ಬರ ಸಂಕೋಚವು ಇನ್ನೊಬ್ಬರಿಂದ ಕಳೆಯುತ್ತದೆ, ಇಬ್ಬರಿಗೂ ಪರೀಕ್ಷೆಯಾಗುತ್ತದೆ.