ಕೀ ಕೊಟ್ಟರೆ ಮನೆ ಕೊಟ್ಟಂಗಾ?

ನಮ್ಮ ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿಗೆ ಹೌಸ್‌ಕೀಪಿಂಗ್‌ಗೆ ಬರುವ ಅಕ್ಕನಿಗೆ ಸರ್ಕಾರದ ಮನೆ ಸಿಕ್ಕಿದೆ. ಮೂರನೇ ಮಹಡಿ. "ಒಳ್ಳೇದಾಯ್ತಲ್ಲಕ್ಕ" ಅಂದೆ. "ಮನೆಯೇನೋ ಬಂತು ಸಾರ್, ನೀರು ಬರ್ಲಿಲ್ಲ" ಅಂದ್ರು. ಟ್ಯಾಂಕರ್ ಬಂದ ದಿನ ಮೂರು ಮಹಡಿ ಬಿಂದಿಗೆ ಹೊರಬೇಕು. ಅವತ್ತು ಕೆಲಸಕ್ಕೆ ಲೇಟು. ಲೇಟಾದರೆ ಸೂಪರ್‌ವೈಸರ್ ಅರ್ಧ ದಿನದ ಸಂಬಳ ಹಿಡೀತಾನೆ.

ಕಡತದಲ್ಲಿ ಮಾತ್ರ ಈ ಅಕ್ಕನ ಕಥೆ ಎಂದೋ ಸುಖವಾಗಿ ಮುಗಿದಿದೆ. ಮನೆ: ಪೂರ್ಣ. ಹಂಚಿಕೆ: ಆಗಿದೆ.

ನನ್ನ ತಕರಾರು ಆ ಕೊನೆಯ ಕಾಲಂ ಬಗ್ಗೆ. ಬಡವರ ವಸತಿ ಯೋಜನೆಗಳ ವರದಿಯನ್ನು ಎಂದಾದರೂ ನೋಡಿ. ಇಷ್ಟು ಮನೆ ಮಂಜೂರು, ಇಷ್ಟು ಮನೆಯ ಕೆಲಸ ಶುರು, ಇಷ್ಟು ಪೂರ್ಣ, ಇಷ್ಟು ಹಂಚಿಕೆ. ಅಲ್ಲಿಗೆ ಲೆಕ್ಕ ನಿಂತುಹೋಗುತ್ತೆ. ಜನ ಬದುಕೋಕೆ ಶುರು ಮಾಡೋದು ಅಲ್ಲಿಂದಲೇ ಅನ್ನೋದು ಯಾರಿಗೂ ಹೊಳೆಯಲ್ಲ. ಪ್ರೊಡಕ್ಷನ್‌ಗೆ ಡಿಪ್ಲಾಯ್ ಮಾಡಿ, ಆಮೇಲೆ ಅದು ಓಡ್ತಿದೆಯಾ ಅಂತ ನೋಡದೆ ಟಿಕೆಟ್ ಕ್ಲೋಸ್ ಮಾಡಿದರೆ ನಮ್ಮ ಮ್ಯಾನೇಜರ್ ಸುಮ್ಮನೆ ಬಿಡ್ತಾರಾ?

ಇದು ನಾನು ಹೊಸದಾಗಿ ಮುಂದಿಡುತ್ತಿರುವ ಬೇಡಿಕೆಯೇನೂ ಅಲ್ಲ. 2005ರ ಡಿಸೆಂಬರ್‌ನಲ್ಲಿ ಶುರುವಾದ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆ, ಅಂದ್ರೆ ಜೆ-ನರ್ಮ್, ನೆನಪಿದೆಯಲ್ಲ? ನಗರದ ಬಡವರಿಗೆ ಅದು ಏಳು ವಿಷಯಗಳಲ್ಲಿ ಮಾತು ಕೊಟ್ಟಿತ್ತು: ಜಾಗದ ಹಕ್ಕು, ಮನೆ, ನೀರು, ಶೌಚ ವ್ಯವಸ್ಥೆ, ಶಿಕ್ಷಣ, ಆರೋಗ್ಯ, ಸಾಮಾಜಿಕ ಭದ್ರತೆ. ಏಳರಲ್ಲಿ ಎಣಿಸೋಕೆ ಸುಲಭ ಒಂದೇ, ಮನೆ. ಹಾಗಾಗಿ ಅದನ್ನೇ ಎಣಿಸಿದರು. ಉಳಿದ ಆರನ್ನು ಕೇಳೋಕೆ ಹೋದರೆ ಸ್ಲಂ ಬೋರ್ಡು ಜಲಮಂಡಳಿ ಕಡೆ ಕೈ ತೋರಿಸುತ್ತೆ, ಜಲಮಂಡಳಿ ಪಾಲಿಕೆ ಕಡೆ ತೋರಿಸುತ್ತೆ, ಪಾಲಿಕೆ ಮತ್ತೆ ಸ್ಲಂ ಬೋರ್ಡಿಗೆ ಕಳಿಸುತ್ತೆ.

ಲೆಕ್ಕ ಕೇಳದೇ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಈಜಿಪುರ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಕೋರಮಂಗಲದ ಪಕ್ಕ ಆರ್ಥಿಕವಾಗಿ ಹಿಂದುಳಿದವರಿಗೆ ಅಂತ ಸರ್ಕಾರವೇ ಕಟ್ಟಿಸಿದ ಕ್ವಾರ್ಟರ್ಸ್ ಅದು. ಕಾಗದದ ಮೇಲೆ ಯೋಜನೆ ಯಶಸ್ವಿ. ಇಪ್ಪತ್ತು ವರ್ಷ ತುಂಬುವ ಮೊದಲೇ ಕಟ್ಟಡಗಳು ಕುಸಿಯತೊಡಗಿದವು. ಅಲ್ಲಿದ್ದವರು ಅದೇ ಜಾಗದಲ್ಲಿ ತಗಡಿನ ಶೆಡ್ಡಿಗೆ ಬಿದ್ದರು. 2013ರ ಜನವರಿಯಲ್ಲಿ ಜೆಸಿಬಿ ಬಂದು ಆ ಶೆಡ್ಡುಗಳನ್ನೂ ಕೆಡವಿತು. ಆ ಜಾಗದಲ್ಲಿ ಖಾಸಗಿ ಸಹಭಾಗಿತ್ವದ ಹೊಸ ಯೋಜನೆ ಬರಬೇಕಿತ್ತು, ಅದರಲ್ಲೊಂದು ಮಾಲ್ ಕೂಡ. ಸಾವಿರಕ್ಕೂ ಹೆಚ್ಚು ಕುಟುಂಬ ಬೀದಿಪಾಲಾದವು. ಕೆಲವರು ಪಕ್ಕದ ಫುಟ್‌ಪಾತಿನಲ್ಲೇ ವರ್ಷಗಟ್ಟಲೆ ಬದುಕಿದರು. ಮೊದಲ ಬಿರುಕು ಬಿಟ್ಟಾಗಲೇ ಅದನ್ನು ಒಂದು ವರದಿಯಲ್ಲಿ ಬರೆದು, ನಾಲ್ಕು ಜನ ಓದಿ, ಒಬ್ಬ ಎಂಜಿನಿಯರ್ ಉತ್ತರ ಕೊಡಬೇಕಾಗಿ ಬಂದಿದ್ದರೆ? ಗೋಡೆ ಒಂದೇ ದಿನಕ್ಕೆ ಬೀಳಲ್ಲ ಸ್ವಾಮಿ.

ಇಷ್ಟು ಹೇಳಿದರೆ ನನ್ನ ಟೀಮಿನ ಗೆಳೆಯ ಕೇಳ್ತಾನೆ: "ಪುಕ್ಕಟೆ ಮನೆ ತಗೊಂಡು ಬಾಡಿಗೆಗೆ ಕೊಟ್ಟು ಹಳೇ ಸ್ಲಮ್ಮಿಗೇ ವಾಪಸ್ ಹೋಗ್ತಾರಲ್ಲ ಮಗಾ, ಅದಕ್ಕೇನಂತೀಯ?"

ಮೊದಲನೇದು, ಪುಕ್ಕಟೆ ಅಲ್ಲ. ಜೆ-ನರ್ಮ್ ನಿಯಮದಲ್ಲೇ ಇತ್ತು, ಫಲಾನುಭವಿ ಕನಿಷ್ಠ ಶೇ. 12 ಕಟ್ಟಬೇಕು, ಪರಿಶಿಷ್ಟರು, ಹಿಂದುಳಿದವರು ಮತ್ತು ಅಂಗವಿಕಲರಿಗೆ ಶೇ. 10. ಎರಡನೇದು, ವಾಪಸ್ ಹೋಗೋರು ಇದ್ದಾರೆ, ಒಪ್ಪೋಣ. ಯಾಕೆ ಹೋದರು? ನಗರದ ನಡುವೆ ಐದು ಮನೆ ಕೆಲಸ ಹಿಡಿದು ನಡೆದೇ ಹೋಗ್ತಿದ್ದವಳನ್ನು ಊರಾಚೆ ತಂದು ಹಾಕಿ, ಎರಡು ಬಸ್ ಬದಲಿಸು ಅಂದರೆ ಅವಳು ಏನು ಮಾಡಬೇಕು? ಮಕ್ಕಳ ಸ್ಕೂಲು, ರೇಷನ್ ಅಂಗಡಿ ಎಲ್ಲಾ ಹಿಂದೆ ಉಳಿದರೆ? ಮನೆಯಲ್ಲಿ ಈಗ ಯಾರಿದ್ದಾರೆ ಅಂತ ವರ್ಷಕ್ಕೊಮ್ಮೆ ಎಣಿಸಿದ್ದರೆ ಮೋಸ ಎಷ್ಟು, ಸಂಕಟ ಎಷ್ಟು ಅಂತ ಗೊತ್ತಾಗ್ತಿತ್ತು. ಎಣಿಸದೇ ಇದ್ದಾಗ ಸಂಕಟಕ್ಕೂ ಮೋಸ ಅಂತಲೇ ಹೆಸರಿಡ್ತೀವಿ.

ನಮ್ಮ ವಿಷಯಕ್ಕೆ ಬಂದರೆ ನಾವು ಹೇಗಿರ್ತೀವಿ? ರೇರಾ ಕಾಯ್ದೆ ಪ್ರಕಾರ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಪ್ರಾಜೆಕ್ಟಿನ ಸ್ಥಿತಿ ತಿಳಿಸಬೇಕು. ಕೀ ಕೊಟ್ಟ ಮೇಲೂ ಐದು ವರ್ಷ ಕಟ್ಟಡದ ದೋಷಕ್ಕೆ ಅವನೇ ಹೊಣೆ. ಓಸಿ ಇಲ್ಲದೆ ಕೀ ಕೊಟ್ಟರೆ ವಾಟ್ಸಾಪ್ ಗ್ರೂಪಿನಲ್ಲಿ ಯುದ್ಧ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ನಾವು ಎಷ್ಟು ಕೂಗಾಡಿದ್ವಿ! ಅದೇ ಬೇಸಿಗೆಯಲ್ಲಿ ಆ ಅಕ್ಕ ಏನು ಮಾಡಿದರು ಅಂತ ನಾನೂ ಕೇಳಲಿಲ್ಲ.

ಕೇಳಬೇಕಾದ ಕಾರ್ಪೊರೇಟರೂ ಇರಲಿಲ್ಲ. ಅವರ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದು, ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಬೋರ್ಡು ಬದಲಾದಷ್ಟು ಬೇಗ ವರದಿಯ ಕಾಲಂಗಳು ಬದಲಾಗಲ್ಲ. ನಾವು ಕೇಳಿದರಷ್ಟೇ ಬದಲಾಗ್ತವೆ.

ಕೇಳಬೇಕಾದ್ದು ಇಷ್ಟೇ: ಪ್ರತಿ ಪುನರ್ವಸತಿ ಕಟ್ಟಡಕ್ಕೂ ಆರು ತಿಂಗಳಿಗೊಮ್ಮೆ ನಾಲ್ಕು ಉತ್ತರ. ಎಷ್ಟು ಮನೆಯಲ್ಲಿ ಮೂಲ ಹಕ್ಕುದಾರರಿದ್ದಾರೆ? ವಾರಕ್ಕೆ ಎಷ್ಟು ದಿನ ನೀರು? ಎಷ್ಟು ಜನರ ಕೈಗೆ ಹಕ್ಕುಪತ್ರ ಸಿಕ್ಕಿದೆ? ಕಟ್ಟಡವನ್ನು ಕೊನೇ ಸಲ ಪರೀಕ್ಷಿಸಿದ್ದು ಯಾವಾಗ? ಅದನ್ನು ಕಟ್ಟಡದ ಗೇಟಿಗೇ ಕನ್ನಡದಲ್ಲಿ ಅಂಟಿಸಲಿ. ಸುಳ್ಳು ಬರೆದರೆ ಅಲ್ಲಿನವರೇ ಹಿಡೀತಾರೆ.

ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಬ್ಸಿಡಿ ಯೋಜನೆಗಳ ಹಣ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೇನೇ ಪ್ರಕಟಿಸಬೇಕು. ಉಳಿದದ್ದನ್ನು ಅರ್ಜಿ ಹಾಕಿ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿಗೆ 10 ರೂಪಾಯಿ, 150 ಪದದ ಮಿತಿ. ಈ ಶನಿವಾರ ನಮ್ಮ ಅರ್ಜಿ ಬರೀತಿದ್ದೇನೆ, ಪ್ರಶ್ನೆಗಳನ್ನು ಅಕ್ಕನೇ ಹೇಳ್ತಾರೆ. ನಿಮ್ಮ ಅಪಾರ್ಟ್‌ಮೆಂಟಿಗೆ ಬರುವ ಅಕ್ಕನನ್ನು ನೀವೂ ಒಮ್ಮೆ ಕೇಳಿ ನೋಡಿ.