ಫುಟ್‌ಪಾತ್ ನಕ್ಷೆ ಬರೆಯುವ ಎಐ: ಅಡ್ಡಿ ಯಾವುದೆಂದು ಹೇಳುವವರು ಯಾರು?

ಮೊಬೈಲಿನ ನಕ್ಷೆ ಕಾರಿಗೆ ದಾರಿ ತೋರಿಸುತ್ತದೆ, ಬೈಕಿಗೂ ತೋರಿಸುತ್ತದೆ. ಗಾಲಿಕುರ್ಚಿಯಲ್ಲಿ ಹೋಗುವವರಿಗೆ ಎಲ್ಲಿ ಚಪ್ಪಡಿ ಮುರಿದಿದೆ, ಎಲ್ಲಿ ಇಳಿಜಾರಿಲ್ಲ ಎಂದು ಹೇಳುವ ನಕ್ಷೆ ಮಾತ್ರ ಬಹುತೇಕ ಊರುಗಳಿಗಿಲ್ಲ. ಈ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆಗೆ ಒಪ್ಪಿಸುವ ಪ್ರಯತ್ನ ನಡೆದಿದೆ.

ಅಮೆರಿಕದಲ್ಲಿ ಜಾನ್ ಫ್ರೋಲಿಕ್ ಅವರ ತಂಡದ 'ಪ್ರಾಜೆಕ್ಟ್ ಸೈಡ್‌ವಾಕ್' ಇದರಲ್ಲಿ ಮುಂದಿದೆ. ಸ್ವಯಂಸೇವಕರು ಮನೆಯಲ್ಲೇ ಕುಳಿತು ಗೂಗಲ್ ಸ್ಟ್ರೀಟ್ ವ್ಯೂ ಚಿತ್ರಗಳಲ್ಲಿ ತೊಡಕುಗಳನ್ನು ಗುರುತಿಸುತ್ತಾರೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ 797 ಜನ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಗುರುತು ಹಾಕಿದ್ದನ್ನು ತಂಡ 2019ರಲ್ಲಿ ವರದಿ ಮಾಡಿತು. ಕಂಪ್ಯೂಟರ್ ಕಲಿಯುವುದು ಇಂಥ ಗುರುತುಗಳಿಂದಲೇ. ಎಂಐಟಿಯ 'ಟೈಲ್‌ಟುನೆಟ್' ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಫುಟ್‌ಪಾತ್ ಹುಡುಕುತ್ತದೆ. ಅದು ಪಾಠ ಕಲಿತದ್ದು ಬೋಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್‌ಗಳ ಬೀದಿಗಳಲ್ಲಿ. ಚರಂಡಿ ಮೇಲಿನ ಚಪ್ಪಡಿಯೇ ಫುಟ್‌ಪಾತ್ ಆಗಿರುವ, ಅಂಗಡಿಯ ತಗಡು ಅದನ್ನೂ ಮುಚ್ಚಿರುವ ನಮ್ಮ ಪೇಟೆ ಬೀದಿ ಆ ಕಣ್ಣಿಗೆ ಹೇಗೆ ಕಂಡೀತು?

ಇನ್ನೊಂದು ಕಷ್ಟ ಇದಕ್ಕಿಂತ ಆಳದ್ದು. ಫ್ರೋಲಿಕ್ ತಂಡವೇ ಊರುಗೋಲು, ವಾಕರ್, ಗಾಲಿಕುರ್ಚಿ ಮುಂತಾದವನ್ನು ಬಳಸುವ 190 ಜನರಿಗೆ ಒಂದೇ ಚಿತ್ರಗಳನ್ನು ತೋರಿಸಿ ಕೇಳಿತು. ಒಬ್ಬರು ದಾಟಬಲ್ಲ ಜಾಗ ಇನ್ನೊಬ್ಬರಿಗೆ ಗೋಡೆ. ಗಾಲಿಕುರ್ಚಿಗೆ ಬೇಕಾದ ಇಳಿಜಾರು ಬಿಳಿಕೋಲು ಹಿಡಿದವರಿಗೆ ರಸ್ತೆ ಎಲ್ಲಿ ಶುರುವಾಯಿತೆಂಬ ಸುಳಿವನ್ನೇ ಅಳಿಸಬಹುದು. ಅಲ್ಲಿ ಉಬ್ಬುಚುಕ್ಕಿಯ ಹಾಸು ಬೇಕು. ಹಾಗಿರುವಾಗ ಇಡೀ ಬೀದಿಗೆ ಒಂದೇ ಅಂಕ ಕೊಡುವ ಯಂತ್ರ ನ್ಯಾಯವಾದದ್ದಲ್ಲ, ಅದು ಎಷ್ಟೇ ನಿಖರವಾಗಿರಲಿ.

ನಮ್ಮ ಕಡೆಗೆ ಬಂದರೆ ಮೊದಲ ತೊಡಕು ಚಿತ್ರದ್ದೇ. ಭಾರತದಲ್ಲಿ ಸ್ಟ್ರೀಟ್ ವ್ಯೂ 2022ರಲ್ಲಿ ಮತ್ತೆ ಶುರುವಾದಾಗ ಹತ್ತು ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಚೆನ್ನೈ, ಹೈದರಾಬಾದ್, ಪುಣೆ ಇದ್ದವು. ಸೊಲ್ಲಾಪುರ, ಹೊಸೂರು, ಕಾಸರಗೋಡು, ಆದೋನಿ ಇರಲಿಲ್ಲ. ಚಿತ್ರವಿಲ್ಲದ ಊರಿನ ತೊಡಕು ನಕ್ಷೆಗೂ ಬರುವುದಿಲ್ಲ.

ಚಿತ್ರ ಬಂದ ಮೇಲೂ ಎಚ್ಚರ ಬೇಕು. ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತ ಅಜ್ಜಿಯೂ ಯಂತ್ರಕ್ಕೆ 'ಅಡ್ಡಿ', ಕದಲದ ಟ್ರಾನ್ಸ್‌ಫಾರ್ಮರ್ ಕೂಡ 'ಅಡ್ಡಿ'. ಪುರಸಭೆಯವರು ಮೊದಲು ಎಬ್ಬಿಸುವುದು ಯಾರನ್ನು ಎಂದು ಹೇಳಬೇಕಿಲ್ಲ! ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. ಅಂಗವಿಕಲರೂ ಬಳಸಬಲ್ಲ, ಅಡೆತಡೆಯಿಲ್ಲದ ಫುಟ್‌ಪಾತ್ ಪಾದಚಾರಿಗಳ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಎರಡೂ ಹಕ್ಕುಗಳನ್ನು ಒಂದೇ ಬೀದಿಯಲ್ಲಿ ಕೂಡಿಸುವ ಲೆಕ್ಕ ಯಂತ್ರದ ಕೈಯದಲ್ಲ. ಆ ಬೀದಿಯವರೇ ಕೂತು ಮಾತಾಡಬೇಕು.

ಆ ಮಾತು ಯಾವ ಭಾಷೆಯಲ್ಲಿ ಎಂಬುದು ಗಡಿ ಊರುಗಳವರಾದ ನಮಗೆ ಹೊಸ ಪ್ರಶ್ನೆಯಲ್ಲ. ಗುರುತು ಹಾಕುವ ಪರದೆ ಇಂಗ್ಲಿಷಿನಲ್ಲೋ ರಾಜ್ಯಭಾಷೆಯಲ್ಲೋ ಮಾತ್ರ ಇದ್ದರೆ, ಬೀದಿಯ ಪ್ರತಿ ಗುಂಡಿ ಬಲ್ಲ ಕನ್ನಡದ ಹಿರಿಯರು ಹೊರಗುಳಿಯುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ಉಚಿತ. ಬೀದಿಯ ಹೆಸರನ್ನು ಅಲ್ಲಿನ ಭಾಷೆಯ ಜೊತೆ ಕನ್ನಡದಲ್ಲೂ ಸೇರಿಸಬಹುದು. ಫುಟ್‌ಪಾತ್ ಇದೆಯೇ, ನೆಲ ಎಂಥದ್ದು, ಗಾಲಿಕುರ್ಚಿ ಹೋಗುತ್ತದೆಯೇ ಎಂದೂ ದಾಖಲಿಸಬಹುದು. ಪ್ರತಿ ಊರಿನ ಸದಸ್ಯರು ಬಸ್ ನಿಲ್ದಾಣದಿಂದ ಸರಕಾರಿ ಆಸ್ಪತ್ರೆಯವರೆಗಿನ ದಾರಿಯೊಂದನ್ನೇ ಹಿಡಿದರೂ ಸಾಕು. ಕೋಲು ಹಿಡಿದು ನಡೆಯುವ ಒಬ್ಬರು, ಗಾಲಿಕುರ್ಚಿಯ ಒಬ್ಬರು ಜೊತೆಗಿರಲಿ. ಸಂತೆಯ ದಿನ ಒಮ್ಮೆ, ಬೇರೆ ದಿನ ಒಮ್ಮೆ ನೋಡಿ. ಎರಡು ದಿನದ ಬೀದಿ ಒಂದೇ ಅಲ್ಲ.